ಸೋಮವಾರ ಪೆಟ್ಟಿಗೆ ಮುಟ್ಟದವರು

ಅವರು ಯಾರ ಮನೆಗೆ ಬಂದರೂ ಹೊರಗೆ ಕಾಲು ತೊಳೆದು, ಒಳಗೆ ಬಂದು ನೆಲದ ಮೇಲೆ ಕುಳಿತು, ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: “ಏನ್ ಮಾಡಿದ್ರಿ?”

ಏನು ಕೆಟ್ಟಿದೆ ಎಂದು ಕೇಳುತ್ತಿರಲಿಲ್ಲ. ಎಲ್ಲ ಮನೆಗಳಲ್ಲೂ ಉತ್ತರ ಒಂದೇ ಇರುತ್ತಿತ್ತು: “ಏನೂ ಮಾಡಿಲ್ರಿ.” ಅದಕ್ಕೆ ಅವರು ವಾದ ಹೂಡುತ್ತಿರಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತ ಸುಮ್ಮನೆ ಕೂಡುತ್ತಿದ್ದರು. ಒಂದು ಗಾಜು ಒರೆಸಿ ಎರಡನೆಯದಕ್ಕೆ ಬರುವಷ್ಟರಲ್ಲಿ ಮನೆಯವರಿಗೆ ಏನಾದರೂ ನೆನಪಾಗುತ್ತಿತ್ತು. ಕಿತ್ತೂರಿನ ಹೆದ್ದಾರಿ ಬದಿಯ ಖಾನಾವಳಿಯೊಂದರಲ್ಲಿ ಹೀಗೆ ಒರೆಸುತ್ತ ಕುಳಿತಾಗ ಯಜಮಾನನ ಹೆಂಡತಿ ಒಳಗಿನಿಂದಲೇ ಹೇಳಿದಳಂತೆ: “ಮಸರಿನ ಬೋಗಾಣಿ ಅದರ ಮ್ಯಾಲ ಇಟ್ಟಿದ್ದೆರಿ. ಥಂಡಿ ಐತಲ್ಲ, ಪೆಟ್ಟಿಗಿ ಬೆಚ್ಚಗಿರತೈತಿ, ಲಗೂ ಹೆಪ್ಪ ಆಗತೈತಿ.” ಅವರು ನಗಲಿಲ್ಲ, ಬೈಯಲಿಲ್ಲ. “ಮಸರು ಛಲೋ ಆಗೇತೇನ್ರಿ? ಹಂಗಾದ್ರ ಒಂದ್ ವಾಟಗಾ ತರ್ರಿ” ಎಂದು ಕುಡಿದು, ಆಮೇಲೆ ಇಂಟರ್‌ನೆಟ್ಟಿನ ಪೆಟ್ಟಿಗೆಯ ಗಾಳಿಕಿಂಡಿಗಳನ್ನು ಬ್ರಷ್ಷಿನಿಂದ ಸ್ವಚ್ಛ ಮಾಡಿ ಬಂದರಂತೆ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ತಾವು ಮಾಡಿದ ಕೆಲಸದ ಮೇಲೆ ತಮ್ಮ ಹೆಸರು ಬರೆಯಬಾರದೆಂಬುದು ಅವರ ಹಠವಾಗಿತ್ತು. ನಮ್ಮ ಬೈಲಹೊಂಗಲದಲ್ಲಿ ಎಲ್ಲರೂ ಅವರನ್ನು ಫೋನಣ್ಣ ಎನ್ನುತ್ತಿದ್ದರು. ಅವರ ಊರು ದೊಡವಾಡ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಜೋಡಿಸುತ್ತ ನೌಕರಿ ಮುಗಿಸಿದವರು. ತಂತಿಯ ಫೋನುಗಳ ಕಾಲ ಮುಗಿದ ಮೇಲೆ, ತಲೆಗೂದಲು ಪೂರ್ತಿ ಬೆಳ್ಳಗಾದ ವಯಸ್ಸಿನಲ್ಲಿ, ಇಂಟರ್‌ನೆಟ್ಟಿನ ಪೆಟ್ಟಿಗೆಗಳ ಕೆಲಸವನ್ನು ತಾವೇ ಓದಿ ಕಲಿತರು. ಕಂಬದ ಮೇಲೆ ಕುಳಿತು ಲೈನು ಪರೀಕ್ಷಿಸುವ ಹಳೆಯ ಫೋನು ಮಾತ್ರ ಕೊನೆಯವರೆಗೂ ಚೀಲದಲ್ಲಿತ್ತು. “ಇದು ಈಗ ಯಾತಕ್ಕ ಬರತೈತಿ?” ಎಂದು ಕೇಳಿದ್ದೆ. “ಯಾತಕ್ಕೂ ಬರಂಗಿಲ್ರಿ. ಚೀಲದಾಗ ವಜ್ಜಿ ಇಲ್ಲಂದ್ರ ನಾ ಲಗೂಲಗೂ ನಡೀತೇನಿ, ಲಗೂಲಗೂ ನಡದ್ರ ತಪ್ಪ ಮಾಡತೇನಿ” ಎಂದಿದ್ದರು.

ಪ್ರತಿ ಮನೆಗೂ ಒಂದು ಬೇರೆ ನೋಟುಬುಕ್ಕು ಇಟ್ಟಿದ್ದರು. ಮೇಲೆ ಆ ಮನೆಯ ಹೆಸರು, ಒಳಗೆ ಯಾವ ದಿನ ಎಷ್ಟು ಹೊತ್ತಿಗೆ ಏನು ಮಾಡಿದರು ಎಂಬುದು. ಮೂವತ್ತಾರು ವರ್ಷ ಮೇಷ್ಟ್ರಾಗಿ, ಹೆಡ್‌ಮಾಸ್ತರನಾಗಿ ದಿನಚರಿ ಬರೆದ ನನಗೆ ಇದು ಬಹಳ ಹಿಡಿಸಿತ್ತು. ಹಿಡಿಸದ್ದು ಅವರ ಸೋಮವಾರ. ಸೋಮವಾರ ಅವರು ಯಾವ ಪೆಟ್ಟಿಗೆಯಲ್ಲೂ ಏನನ್ನೂ ಬದಲಿಸುತ್ತಿರಲಿಲ್ಲ. ದೊಡವಾಡದ ಬಸ್ಸಿಳಿದು ಊರೆಲ್ಲ ಸುತ್ತುತ್ತಿದ್ದರು, ಮನೆಮನೆಗೆ ಹೋಗಿ ಧೂಳು ಹೊಡೆಯುತ್ತಿದ್ದರು, ಪೆಟ್ಟಿಗೆ ಎಷ್ಟು ಬಿಸಿಯಾಗಿದೆ ಎಂದು ಕೈಯಿಟ್ಟು ನೋಡುತ್ತಿದ್ದರು, ಅದರ ಸೆಟ್ಟಿಂಗುಗಳ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳುತ್ತಿದ್ದರು. ಅಷ್ಟೇ.

ನಾನು ವಿಜ್ಞಾನ ಕಲಿಸಿದವನು. ಒಮ್ಮೆ ಕೆಣಕಿದೆ: “ಯಂತ್ರಕ್ಕೂ ವಾರ ಐತೇನ್ರಿ?”

“ಸೋಮವಾರ ಎತ್ತ ಹೂಡತಾರೇನ್ರಿ, ಗುರುಗಳ?”

“ಇಲ್ಲ.”

“ಅವತ್ತ ಎತ್ತಿನ ಮೈ ತೊಳೀತೇವಿ. ಗೊರಸು ಸವದಾವೇನು, ಹೆಗಲ ಮ್ಯಾಲ ಗಾಯ ಆಗೇತೇನು, ಕೈ ಆಡಿಸಿ ನೋಡತೇವಿ. ಹೂಡಿದ ದಿನಾ ಹೆಗಲು ಕಾಣಸಂಗಿಲ್ರಿ, ನೊಗಾ ಇರತೈತಿ. ಇದೂ ಹಂಗ.”

“ಹಂಗಾದ್ರ ಇದಕ್ಕ ವಿಭೂತಿ ಹಚ್ಚಿ ಪೂಜೀನೂ ಮಾಡ್ರಿ.”

“ಪೂಜೀ ನಿಮಗ ಬಿಟ್ಟೇನ್ರಿ. ಧೂಳ ನನಗಿರ್ಲಿ.”

ನಮ್ಮ ಮನೆಯ ಪೆಟ್ಟಿಗೆಯನ್ನು ಅವರು ಕೂರಿಸಿದ್ದು ಶಾಲೆಗಳೆಲ್ಲ ಬಾಗಿಲು ಹಾಕಿ ಮಕ್ಕಳು ಮನೆಯಿಂದ ಓದುತ್ತಿದ್ದ ದಿನಗಳಲ್ಲಿ. ಓಣಿಯ ಮಕ್ಕಳು ನಮ್ಮ ಪಡಸಾಲೆಗೆ ಬಂದು ಪಾಠ ಕೇಳುತ್ತಿದ್ದರು. ಪಾಠಕ್ಕಿಂತ ಬೇರೆಯದನ್ನು ಹೆಚ್ಚು ನೋಡುತ್ತಿದ್ದರು. ನನಗೆ ಶಿಸ್ತು ಬೇಕಿತ್ತು. ಅವರು ಹಳೆಯ ಸಣ್ಣ ಕಂಪ್ಯೂಟರೊಂದಕ್ಕೆ ಫೈರ್‌ವಾಲ್ ಹಾಕಿ ತಂದರು. ಮನೆಯೊಳಗೆ ಬರುವ ಇಂಟರ್‌ನೆಟ್ಟಿಗೆ ಬಾಗಿಲು ಕಾಯುವ ತಂತ್ರಾಂಶ ಅದು. ಅದರ ಮೇಲೆ ಪ್ಯಾಕೇಜುಗಳೆಂಬ ಚಿಕ್ಕ ಚಿಕ್ಕ ಸೇರ್ಪಡೆಗಳು, ಒಂದೊಂದಕ್ಕೆ ಒಂದೊಂದು ಕೆಲಸ. ಯಾರು ಯಾವ ವೆಬ್‌ಸೈಟಿನ ಹೆಸರು ಕೇಳಿದರೂ ಮೊದಲು ಸೋಸುವ ಪ್ಯಾಕೇಜಿನ ಮುಂದೆ ಹಾಯ್ದು ಹೋಗಬೇಕು. ಅದು ಒಪ್ಪಿದರೆ ಮಾತ್ರ ಪುಟ ತೆರೆಯಬೇಕು. ಒಳದಾರಿಯಿಂದ ಯಾರೂ ನುಸುಳದ ಹಾಗೆ ಬಿಗಿ ಮಾಡಿರೆಂದು ನಾನೇ ಒತ್ತಾಯಿಸಿದೆ. “ಭಾಳ ಬಿಗಿ ಆಗತೈತ್ರಿ, ಗುರುಗಳ. ಆ ಒಂದು ಪ್ಯಾಕೇಜು ಮಲಗಿತಂದ್ರ ಇಡೀ ಮನಿ ಮಲಗತೈತಿ” ಎಂದರು. “ಮಲಗಲಿ, ಬಿಗಿ ಇರಲಿ” ಎಂದೆ.

ಪಾಠಗಳು ಮುಗಿದರೂ ಪೆಟ್ಟಿಗೆ ಉಳಿಯಿತು. ತಿಂಗಳ ಮೊದಲ ದಿನ ನಾನು ಮಾಡುವ ಕೆಲಸಗಳ ಪಟ್ಟಿಯಲ್ಲಿ ಅದೂ ಸೇರಿತು: ನೀರಿನ ಫಿಲ್ಟರು ತೊಳೆಯುವುದು, ಗಡಿಯಾರ ಸರಿಪಡಿಸುವುದು, ಪೆಟ್ಟಿಗೆಗೆ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡಿ ಫೋನಣ್ಣನಿಗೆ ತಿಳಿಸುವುದು. ನೋಡಿ ತಿಳಿಸುವುದಷ್ಟೇ ನನ್ನ ಪಾಲಿನದು. ಒತ್ತುವುದು ಅವರದು.

ಈಗ ಶಿವಲೀಲಾಳ ವಿಷಯ ಹೇಳಬೇಕು. ರಾಮದುರ್ಗ ತಾಲೂಕಿನ ಕಟಕೋಳದಲ್ಲಿ ನಾನು ಹೆಡ್‌ಮಾಸ್ತರನಾಗಿದ್ದಾಗ ಎಂಟನೇ ಇಯತ್ತೆಗೆ ಸೇರಿದ ಹುಡುಗಿ. ಹದಿನೈದು ತುಂಬುವ ಮೊದಲೇ ಅವಳ ದೊಡ್ಡಪ್ಪ ನಿಂತು ಮದುವೆ ಮಾಡಿಸಿದ್ದ. ತಂದೆ ಇರಲಿಲ್ಲ, ತಾಯಿಯ ಮಾತು ನಡೆಯಲಿಲ್ಲ. ಹುಡುಗಿ ಗಂಡನ ಮನೆಯಲ್ಲಿ ಎರಡು ತಿಂಗಳೂ ಇರಲಿಲ್ಲ, ತಾಯಿಯ ಬಳಿ ಓಡಿಬಂದು ಓದು ಮುಂದುವರಿಸಿದಳು. ಹದಿನೆಂಟು ದಾಟಿದ ಮೇಲೆ ಈ ಮದುವೆಯನ್ನು ರದ್ದು ಮಾಡಿರೆಂದು ಕೋರ್ಟಿಗೆ ಅರ್ಜಿ ಹಾಕಿದಳು. ಗಂಡನ ಕಡೆಯವರು ಮದುವೆಯ ದಿನ ಅವಳಿಗೆ ಹದಿನೆಂಟು ಆಗಿತ್ತು ಎನ್ನುತ್ತಿದ್ದರು. ಅವಳ ಪ್ರಾಥಮಿಕ ಶಾಲೆಯ ಕಾಗದಗಳು ಮಲಪ್ರಭೆಯ ನೀರು ಊರೊಳಗೆ ನುಗ್ಗಿದಾಗ ಹಾಳಾಗಿದ್ದವು. ಉಳಿದದ್ದು ನಮ್ಮ ಪ್ರೌಢಶಾಲೆಯ ದಾಖಲಾತಿ ರಜಿಸ್ಟರು ಒಂದೇ. ಅದರಲ್ಲಿ ಅವಳ ಹುಟ್ಟಿದ ಇಸವಿಯ ಕೊನೆಯ ಅಂಕಿಯನ್ನು ಕೆಂಪು ಶಾಯಿಯಲ್ಲಿ ಹೊಡೆದು ಪಕ್ಕದಲ್ಲಿ ಬೇರೆ ಅಂಕಿ ಬರೆಯಲಾಗಿತ್ತು.

ಹೊಡೆದವನು ನಾನು. ಗುಮಾಸ್ತ ವರ್ಗಾವಣೆ ಪತ್ರದಿಂದ ತಪ್ಪಾಗಿ ನಕಲು ಮಾಡಿದ್ದ. ಅದೇ ಸಂಜೆ ತಾಳೆ ನೋಡಿ, ಹೊಡೆದು, ಸರಿ ಬರೆದು, ಸಣ್ಣ ಸಹಿ ಹಾಕಿದ್ದೆ. ಆ ತಿದ್ದುಪಡಿ ಮದುವೆಯ ನಂತರ, ಹುಡುಗಿಗೆ ಬೇಕಾದಂತೆ ಆಗಿದೆ ಎಂದು ಎದುರು ಪಕ್ಷದವರ ವಾದ. ಗುಮಾಸ್ತ ತೀರಿಕೊಂಡಿದ್ದ. ಹೇಳಬಲ್ಲವನು ನಾನೊಬ್ಬನೇ.

ಸಾಕ್ಷಿಗೆ ಹೋಗುವ ಮುಂಚೆ ಬಚ್ಚಲಿನಲ್ಲಿ ಜಾರಿ ಬಿದ್ದು ನನ್ನ ಸೊಂಟದ ಮೂಳೆ ಮುರಿಯಿತು. ಕೋರ್ಟು ಒಮ್ಮೆ ಮುಂದೂಡಿ, ಎರಡನೇ ಸಲ ಮನೆಯಿಂದಲೇ ವಿಡಿಯೋ ಮೂಲಕ ಸಾಕ್ಷಿ ಹೇಳಲು ಒಪ್ಪಿತು. ಇದೇ ಕೊನೆಯ ಅವಕಾಶ ಎಂದೂ ಹೇಳಿತು. ಯಾರೂ ನನಗೆ ಹೇಳಿಕೊಡದಂತೆ ನೋಡಲು ಒಬ್ಬ ವಕೀಲರನ್ನು ನಮ್ಮ ಮನೆಗೆ ನೇಮಿಸಿತು. ಹಿಂದಿನ ವಾರ ಪರೀಕ್ಷೆ ಮಾಡಿದಾಗ ಮೊಬೈಲಿನಲ್ಲಿ ಚಿತ್ರ ನಿಂತು ನಿಂತು ಬಂದಿತ್ತು, ನಮ್ಮ ಕಲ್ಲಿನ ಮನೆಯಲ್ಲಿ ಸಿಗ್ನಲ್ಲು ಮಾತಿಗೆ ಸಾಕು, ಚಿತ್ರಕ್ಕೆ ಸಾಲದು. ಪೆಟ್ಟಿಗೆಯ ಮೂಲಕ ಸ್ವಚ್ಛವಾಗಿ ಬಂದಿತ್ತು. ಅದರಲ್ಲೇ ಬನ್ನಿರೆಂದು ಕೋರ್ಟಿನವರು ಹೇಳಿದರು.

ಆ ದಿನ ತಿಂಗಳ ಮೊದಲ ದಿನವಾಗಿತ್ತು. ಸೋಮವಾರವೂ ಆಗಿತ್ತು.

ಎಂದಿನಂತೆ ಐದಕ್ಕೆ ಎದ್ದೆ. ಆರಕ್ಕೆ ಪಟ್ಟಿ ತೆಗೆದೆ. ಪರದೆಯ ಮೇಲೆ ಹೊಸ ಆವೃತ್ತಿ ಸಿದ್ಧವಿದೆ ಎಂದಿತ್ತು. ಕೋರ್ಟಿಗೆ ಹಾಜರಾಗುವ ದಿನ ಇಸ್ತ್ರಿ ಅಂಗಿ ಹಾಕುವುದಿಲ್ಲವೇ, ಪೆಟ್ಟಿಗೆಯೂ ಹೊಸದಾಗಿರಲಿ ಎನಿಸಿತು. ಆರು ಹತ್ತಕ್ಕೆ ಒತ್ತಿದೆ. ಅದು ಮಲಗಿ ಎದ್ದು, ಕೆಲಸ ಮುಗಿಯಿತು ಎಂದು ಬರೆಯಿತು. ನಾನು ಪಟ್ಟಿಯಲ್ಲಿ ಗುರುತು ಹಾಕಿ ಸ್ನಾನಕ್ಕೆ ಎದ್ದೆ.

ಒಂಬತ್ತೂವರೆಗೆ ವಕೀಲರು ಬಂದರು. ಹನ್ನೊಂದಕ್ಕೆ ಹಾಜರಿ. ಒಂಬತ್ತೂ ಮುಕ್ಕಾಲಿಗೆ ಕೋರ್ಟಿನ ಕೊಂಡಿ ಒತ್ತಿದರೆ ಪುಟ ಬರಲಿಲ್ಲ. ಯಾವ ಪುಟವೂ ಬರಲಿಲ್ಲ. ಪೆಟ್ಟಿಗೆಯ ದೀಪಗಳು ಮಾತ್ರ ಹಸಿರಾಗಿ ಉರಿಯುತ್ತಿದ್ದವು. ಫೋನಣ್ಣನಿಗೆ ಕರೆ ಮಾಡಿದೆ. ಸೋಮವಾರವಾದ್ದರಿಂದ ಊರಲ್ಲೇ ಇದ್ದರು. ಹತ್ತೂ ಹತ್ತಕ್ಕೆ ಕಾಲು ತೊಳೆದು ಒಳಗೆ ಬಂದು ಕುಳಿತರು.

“ಏನ್ ಮಾಡಿದ್ರಿ, ಗುರುಗಳ?”

ವಕೀಲರು ನನ್ನನ್ನೇ ನೋಡುತ್ತಿದ್ದರು. ಸಾಕ್ಷಿಯಾಗಿ ಅವರ ಮುಂದೆ ಕುಳಿತ ನಾನು, ತಿದ್ದುಪಡಿಗಳಲ್ಲಿ ಎಂದೂ ತಪ್ಪದವನೆಂದು ಹೇಳಬೇಕಾದ ನಾನು, ಹೇಳಿದೆ: “ಏನೂ ಮಾಡಿಲ್ಲ.”

ಕನ್ನಡಕ ಒರೆಸುತ್ತಾರೆಂದು ಕಾದೆ. ಅವರು ಒರೆಸಲಿಲ್ಲ. “ನೀವು ಅಂದ ಮ್ಯಾಲ ಆತ್ರಿ. ಹಂಗಾದ್ರ ಹೊರಗಿಂದ ಇರಬೇಕು” ಎಂದು ಚೀಲ ಹೆಗಲಿಗೇರಿಸಿ ಎದ್ದೇಬಿಟ್ಟರು. ತಂತಿ ಹಿಡಿದುಕೊಂಡು ಅಂಗಳಕ್ಕೆ, ಅಲ್ಲಿಂದ ಪಕ್ಕದ ಮನೆಯ ಮಾಳಿಗೆಗೆ, ಮಾಳಿಗೆಯಿಂದ ಕಂಬದ ಪೆಟ್ಟಿಗೆಗೆ ಕೈ ಚಾಚಿ ಬಿಸಿಲಲ್ಲಿ ನಿಂತರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಅಂಗಿ ಬೆವರಿಗೆ ಅಂಟಿತ್ತು.

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು: “ಮುಂಜಾನಿ ಆರಕ್ಕ ಅದರ ಮುಂದ ಕುಂತಿದ್ರಲ್ಲ, ಭಜನಿ ಮಾಡಾಕ ಹತ್ತಿದ್ರೇನು?”

“ನೀ ಒಳಗ ನಡಿ.”

“ನಾ ಒಳಗ ಅದೇನಿ. ಅಂವಾ ಮಾಳಿಗಿ ಮ್ಯಾಲ ಅದಾನ.”

ಮೊಬೈಲು ಬಡಿಯಿತು. ಶಿವಲೀಲಾ. ಕೋರ್ಟಿನ ಅಂಗಳದಿಂದ ಮಾತಾಡುತ್ತಿದ್ದಳು, ಹಿಂದೆ ಜನರ ಗದ್ದಲ. “ಸರ್, ನಮ್ಮದು ಮೂರನೇ ನಂಬರ್ ಐತ್ರಿ. ದೊಡ್ಡಪ್ಪಾರೂ ಬಂದಾರ, ಗಾಡಿ ತಂದಾರ. ಇವತ್ತ ಆಗಲಿಲ್ಲಂದ್ರ ಸೀದಾ ಗಂಡನ ಮನೀಗೆ ಕಳಸತೇವಿ ಅಂತ ಅವ್ವಗ ಹೇಳಾಕ ಹತ್ತ್ಯಾರ. ನೀವು ಬರತೀರಲ್ರಿ, ಸರ್?”

“ಬರತೇನವ್ವಾ” ಎಂದೆ.

ಫೋನು ಇಟ್ಟಾಗ ಮೇಜಿನ ಮೇಲಿನ ಕಾಗದ ಕಣ್ಣಿಗೆ ಬಿತ್ತು. ನಾನು ಓದಿ ಹೇಳಬೇಕಾದ ಪ್ರಮಾಣವಚನವನ್ನು ವಕೀಲರು ತೆಗೆದಿಟ್ಟಿದ್ದರು. ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನೂ ಹೇಳುವುದಿಲ್ಲ. ಗಡಿಯಾರ ಹತ್ತೂ ಇಪ್ಪತ್ತೆಂಟು ತೋರಿಸುತ್ತಿತ್ತು.

ವಾಕರು ಹಿಡಿದು ಕಿಟಕಿಗೆ ಹೋದೆ. ಶಾಲೆಯ ಮೈದಾನದಲ್ಲಿ ಕೂಗುವ ಗಂಟಲಿನಲ್ಲಿ ಕೂಗಿದೆ: “ಇಳದ್ ಬರ್ರಿ! ನಾನ ಮಾಡೇನಿ! ಮುಂಜಾನಿ ಆವೃತ್ತಿ ಬದಲಿ ಮಾಡೇನಿ!”

ಓಣಿಯಲ್ಲಿ ಹೋಗುತ್ತಿದ್ದವರೂ ತಿರುಗಿ ನೋಡಿದರು. ಫೋನಣ್ಣ ಇಳಿದು ಬಂದರು. ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ನಮ್ಮ ಮನೆಯ ನೋಟುಬುಕ್ಕು ತೆರೆದು, ಪೆನ್ನಿನ ಟೊಪ್ಪಿಗೆ ತೆಗೆದು ಕೇಳಿದರು: “ಎಷ್ಟಕ್ಕ ಒತ್ತಿದ್ರಿ?”

“ಆರು ಹತ್ತಕ್ಕ.”

ಬರೆದುಕೊಂಡರು. ಆಮೇಲೆ ತಮ್ಮ ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿದರು. ಪರದೆಯ ತುಂಬ ಕೆಂಪು ಸಾಲುಗಳು ಸುರಿದವು. ವಕೀಲರು ಬಗ್ಗಿ ಕೊನೆಯ ಸಾಲಿಗೆ ಬೆರಳಿಟ್ಟರು: “ಇಲ್ಲಿ ಏನೋ ವಿಫಲ ಅಂತ ಬರದೈತಲ್ರಿ.” ಫೋನಣ್ಣ ಆ ಬೆರಳನ್ನು ನಿಧಾನವಾಗಿ ಸರಿಸಿದರು. “ಕಡೀ ಸಾಲು ಬರೇ ಅಳತೈತ್ರಿ. ಯಾಕ ಅಂತ ಮೊದಲನೇ ಸಾಲು ಹೇಳತೈತಿ.” ಮೇಲೆ, ಮೇಲೆ, ಇನ್ನೂ ಮೇಲೆ ಹೋಗಿ, ಮೊದಲನೇ ಸಾಲನ್ನು ಒಂದೊಂದೇ ಪದ ಓದಿದರು. ನಾನು ಗಡಿಯಾರ ನೋಡಿದೆ. ಅವರ ಬೆರಳು ಅವಸರ ಮಾಡಲಿಲ್ಲ.

“ಪೆಟ್ಟಿಗೀ ಎಲ್ಲಾ ಅಳಿಸಿ ಮೊದಲಿನಿಂದ ಹಾಕಬಾರದೇನ್ರಿ?” ಎಂದೆ.

“ಅದಕ್ಕ ಒಂದ್ ತಾಸ ಬೇಕ್ರಿ. ಸಾಲಿ ಹೊಸಾ ಕಟ್ಟಡಕ್ಕ ಹೋಗೇತಿ, ಜವಾನ ಹಳೇ ಕೀಲಿಕೈ ಹಿಡಕೊಂಡು ನಿಂತಾನ, ಅಷ್ಟ. ಸೋಸೋ ಪ್ಯಾಕೇಜು ಹಳೇ ಆವೃತ್ತಿದು, ಹೊಸಾದರಾಗ ಏಳವಲ್ದು. ಅದು ಏಳಲಿಲ್ಲಂದ್ರ ಯಾವ ಹೆಸರೂ ಸಿಗಂಗಿಲ್ಲ. ಹೆಸರು ಸಿಗಲಿಲ್ಲಂದ್ರ ಹೊಸಾ ಪ್ಯಾಕೇಜು ಎಲ್ಲಿಂದ ತರಬೇಕು ಅಂತ ಪೆಟ್ಟಿಗೀಗೂ ಗೊತ್ತಾಗಂಗಿಲ್ಲ.”

“ಕಂಪನಿಯ ತಂತಿ ನೇರವಾಗಿ ಲ್ಯಾಪ್‌ಟಾಪಿಗೆ?”

“ಲೈನು ಈ ಪೆಟ್ಟಿಗೀ ಗುರುತಿಗೇ ಕಟ್ಟ್ಯಾರ. ಬದಲಿ ಮಾಡಸಾಕ ನಾಳಿ ಆಗತೈತಿ.”

ಬಿಗಿ ಇರಲಿ ಎಂದು ನಾನು ಹಾಕಿಸಿದ ಬಾಗಿಲು ನನ್ನನ್ನೇ ಒಳಗೆ ಹಾಕಿ ಮುಚ್ಚಿಕೊಂಡಿತ್ತು.

ಪೆಟ್ಟಿಗೆ ಸೋಸುವ ಪ್ಯಾಕೇಜನ್ನು ಕೇಳದೆ, ಹೊರಗಿನ ಇನ್ನೊಂದು ಹೆಸರುಪಟ್ಟಿಯನ್ನು ಕೇಳುವ ಹಾಗೆ ಒಂದು ಸಾಲು ಬರೆದರು. ಬರೆದದ್ದನ್ನು ನೋಟುಬುಕ್ಕಿನಲ್ಲೂ ಬರೆದರು. ಪ್ಯಾಕೇಜುಗಳ ಪಟ್ಟಿಯನ್ನು ಹಳೆಯ ಆವೃತ್ತಿಯಿಂದ ಹೊಸದಕ್ಕೆ ತಿರುಗಿಸಿದರು. ಅದನ್ನೂ ಬರೆದರು. “ಬರಿಯೋದು ಆಮ್ಯಾಲ ಬರೀರಿ” ಎಂದು ಚೀರಿದೆ. “ಬರದ್ರ ಒಂದ ಕೈ ಆಡತೈತ್ರಿ, ಗುರುಗಳ. ಎರಡೂ ಕೈ ಆಡಿದ್ರ ಯಾವುದರಿಂದ ಸರಿಹೋತು ಗೊತ್ತಾಗಂಗಿಲ್ಲ” ಎಂದರು, ತಲೆ ಎತ್ತದೆ.

ಪಟ್ಟಿ ಬರತೊಡಗಿತು. ನೂರರಲ್ಲಿ ಹನ್ನೆರಡು. ಮೂವತ್ತು. ಅಲ್ಲೇ ನಿಂತಿತು. ಹತ್ತೂ ನಲವತ್ತೆಂಟು. ಮತ್ತೆ ಸರಿಯಿತು. ಹಳೆಯ ಸೋಸುವ ಪ್ಯಾಕೇಜನ್ನು ತೆಗೆದುಹಾಕಲು ಆಜ್ಞೆ ಕೊಟ್ಟರು. ಅದನ್ನು ಆತುಕೊಂಡಿದ್ದ ಇನ್ನೆರಡು ಪ್ಯಾಕೇಜುಗಳೂ ಹೋಗುತ್ತವೆ, ಒಪ್ಪಿಗೆಯೇ ಎಂದು ಪೆಟ್ಟಿಗೆ ಕೇಳಿತು. ಅವರು ನನ್ನತ್ತ ತಿರುಗಿದರು: “ಬಿಗಿ ಹೋಗತೈತ್ರಿ. ಇವತ್ತಿನ ಮಟ್ಟಿಗೆ.”

“ಹೋಗಲಿ.”

ಹತ್ತೂ ಐವತ್ತೇಳು. “ಈಗ ಮಲಗಿಸಿ ಎಬ್ಬಸಬೇಕು. ನಾಕ ನಿಮಿಷ.” ಒತ್ತಿದರು. ಹಸಿರು ದೀಪಗಳು ಆರಿದವು. ವಕೀಲರು ಕೋರ್ಟಿನ ಸಿಬ್ಬಂದಿಗೆ ಫೋನು ಹಚ್ಚಿ, ಸಾಕ್ಷಿ ಸಿದ್ಧರಿದ್ದಾರೆ, ಸಂಪರ್ಕ ಬರುತ್ತಿದೆ ಎಂದರು. ಆ ಕಡೆಯ ದನಿ ನನಗೂ ಕೇಳಿಸಿತು: ಎರಡನೇ ನಂಬರು ಮುಗಿಯುತ್ತ ಬಂದಿದೆ. ಹೆಂಡತಿ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತಿದ್ದಳು. ಫೋನಣ್ಣ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಹಟ್ಟಿಯಲ್ಲಿ ಮಲಗಿದ ದನಕ್ಕೆ ಹೇಳುವ ಹಾಗೆ, ಆದರೆ ರೀ ಹಚ್ಚಿ, ಹೇಳಿದರು: “ಏಳ್ರಿ. ಸಾಕು ಮಲಗಿದ್ದು.”

ಹನ್ನೊಂದೂ ಒಂದಕ್ಕೆ ಮೊದಲ ದೀಪ. ಮೂರಕ್ಕೆ ಕೊನೆಯದು. ಕೊಂಡಿ ಒತ್ತಿದೆ. ಪರದೆಯಲ್ಲಿ ಕೋರ್ಟಿನ ಕೋಣೆ ಮೂಡಿದಾಗ ನ್ಯಾಯಾಧೀಶರು ನಮ್ಮ ಕಡತವನ್ನು ಮುಚ್ಚಿ ಪಕ್ಕಕ್ಕೆ ಸರಿಸುತ್ತಿದ್ದರು.

“ಹಾಜರಿದ್ದೇನೆ, ಸ್ವಾಮಿ” ಎಂದೆ. ಮೂವತ್ತಾರು ವರ್ಷ ಬೇರೆಯವರಿಂದ ಹೇಳಿಸಿಕೊಂಡ ಮಾತು.

ಎದುರು ಪಕ್ಷದ ವಕೀಲರು ಬಹಳ ಹೊತ್ತು ಕೇಳಿದರು. ಕೊನೆಗೆ ನಗುತ್ತ, “ನೀವು ಭಾರೀ ಶಿಸ್ತಿನವರು ಎನ್ನುತ್ತಾರೆ. ಹಾಗಿದ್ದ ಮೇಲೆ ನಿಮ್ಮ ರಜಿಸ್ಟರಿನಲ್ಲಿ ತಪ್ಪು ಹೇಗೆ ಬಂತು?” ಎಂದರು.

“ನನ್ನಿಂದಲೂ ತಪ್ಪಾಗುತ್ತದೆ” ಎಂದೆ. “ಆದಾಗ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡುತ್ತೇನೆ. ಅಳಿಸುವುದಿಲ್ಲ.” ಬಾಗಿಲಾಚೆ ಫೋನಣ್ಣ ತಂತಿ ಸುತ್ತುತ್ತಿದ್ದ ಸದ್ದು ಆಗ ಒಂದು ಕ್ಷಣ ನಿಂತದ್ದು ನನಗೆ ನೆನಪಿದೆ.

ಮುಂದೆ ಕೆಲವು ತಿಂಗಳಿಗೆ ಶಿವಲೀಲಾಳ ಪರವಾಗಿ ಆದೇಶವಾಯಿತು. ಈಗ ಸವದತ್ತಿಯಲ್ಲಿ ಕೋಣೆ ಮಾಡಿಕೊಂಡು ಓದುತ್ತಿದ್ದಾಳೆ. ಸುದ್ದಿ ಹೇಳಿದಾಗ ಅವರು “ಲೈನ್ ಸಿಕ್ಕತಲ್ರಿ ಆಕೀಗೆ” ಎಂದಷ್ಟೇ ಹೇಳಿದರು. ಸಾಕ್ಷಿಯ ಮರುದಿನ, ಮಂಗಳವಾರವೇ ಬಂದು, ಹೊಸ ಆವೃತ್ತಿಗೆ ಹೊಂದುವ ಸೋಸುವ ಪ್ಯಾಕೇಜನ್ನು ಹಾಕಿ ಹೋಗಿದ್ದರು. ಮೊದಲಿನಷ್ಟು ಬಿಗಿ ಹಾಕಲಿಲ್ಲ. ನಾನೂ ಕೇಳಲಿಲ್ಲ. ನನ್ನ ಆ ಸುಳ್ಳಿನ ಬಗ್ಗೆ ಅವರು ಒಂದು ದಿನವೂ ಮಾತೆತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಹೋದ ತಿಂಗಳು ತೀರಿಕೊಂಡರು. ಮಣ್ಣಿಗೆ ದೊಡವಾಡಕ್ಕೆ ಹೋಗಿ ಬಂದೆ. ಎಂಟು ದಿನದ ಮೇಲೆ ಅವರ ಮಗಳು ಕೈಚೀಲ ಹಿಡಿದು ನಮ್ಮ ಮನೆಗೆ ಬಂದಳು. ತಂದೆಯ ಹಾಗೆಯೇ ಹೊರಗೆ ಕಾಲು ತೊಳೆದಳು. “ಯಾರ ಮನೀ ಬುಕ್ಕು ಅವರ ಮನೀಗೆ ಮುಟ್ಟಸು ಅಂದಿದ್ರು ಅಪ್ಪಾರು. ನಾಳಿ ಕಿತ್ತೂರಿಗೆ ಹೋಗಬೇಕ್ರಿ” ಎಂದು ನಮ್ಮ ಮನೆಯ ನೋಟುಬುಕ್ಕನ್ನು ಕೊಟ್ಟು, ಚಹಾ ಕುಡಿದು ಹೋದಳು.

ಆ ಸೋಮವಾರದ ಪುಟ ಹುಡುಕಿದೆ. ಸೋಮವಾರಗಳಲ್ಲಿ ಕೆಲಸ ಬರೆದಿದ್ದ ಪುಟ ಅದೊಂದೇ. “ಏನೂ ಮಾಡಿಲ್ಲ ಎಂದರು” ಎಂಬ ಸಾಲು ಇದ್ದೇ ಇರುತ್ತದೆ ಎಂದು ಗೊತ್ತಿತ್ತು. ಅವರು ಏನನ್ನೂ ಬಿಡದೆ ಬರೆಯುವವರು. ಗುಂಡಗಿನ ಅಕ್ಷರಗಳಲ್ಲಿ ಹೀಗಿತ್ತು: “೬-೧೦ ಆವೃತ್ತಿ ಬದಲಿ. ಸೋಸುವ ಪ್ಯಾಕೇಜು ಏಳಲಿಲ್ಲ. ಹೆಸರುಪಟ್ಟಿ ಹೊರಗಿನದಕ್ಕೆ ತಿರುಗಿಸಿದೆ. ಹಳೆ ಪ್ಯಾಕೇಜು ತೆಗೆದೆ. ೧೧-೦೩ ಎದ್ದಿತು.” ಕೆಳಗೆ ಇನ್ನೊಂದು ಸಾಲು: “ಗುರುಗಳು ತಾವೇ ಹೇಳಿದರು. ಹೀಗಾಗಿ ಲಗೂ ಆಯಿತು.”

ಮಾಳಿಗೆಯ ಬಿಸಿಲು ಆ ಪುಟದಲ್ಲಿ ಎಲ್ಲೂ ಇರಲಿಲ್ಲ.

ಮೇಜಿನ ಖಾನೆಯಿಂದ ಕೆಂಪು ಶಾಯಿಯ ಪೆನ್ನು ತೆಗೆದೆ. ಅವರ ಸಾಲನ್ನು ಹೊಡೆಯಲಿಲ್ಲ. ಅದರ ಪಕ್ಕದಲ್ಲಿ “ಹದಿನೆಂಟು ನಿಮಿಷ ತಡವಾಗಿ” ಎಂದು ಬರೆದು, ಸಣ್ಣ ಸಹಿ ಹಾಕಿದೆ.